ಮರೆವು ವಂಶದ ಬಳುವಳಿಯೇ?

ಅರವತ್ತಕ್ಕೆ ಅರಳುಮರಳು ಎಂದು ಹಿರಿಯರ ಮರೆವನ್ನು ನಾವು ನಕ್ಕು ಬಿಡುವುದುಂಟು. ಹೆತ್ತ ಮಗನ ಹೆಸರೇ ತಾಯಿಗೆ ನೆನಪಾಗದಿದ್ದಾಗ ಆ ನಗೆ ಉಳಿಯದು. ಇದು ನಮ್ಮ ರಕ್ತದಲ್ಲಿಯೇ ಬಂದುದೇ, ಮಕ್ಕಳಿಗೂ ಬರುವುದೇ ಎಂಬ ಅಳುಕು ಮನೆಯನ್ನು ಆವರಿಸುತ್ತದೆ. ಹೆಣ್ಣು ಕೊಟ್ಟು ತರುವ ಮಾತಿನಲ್ಲಿಯೂ ಅದು ಸುಳಿದೀತು.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ವಿವರಿಸಿದ ಈ ರೋಗಕ್ಕೂ ಎಪಿಒಇ ಎಂಬ ವಂಶವಾಹಿಗೂ ಇರುವ ನಂಟನ್ನು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಇದರಲ್ಲಿ 2, 3, 4 ಎಂದು ಮೂರು ಬಗೆ. ತಂದೆಯಿಂದ ಒಂದು, ತಾಯಿಯಿಂದ ಒಂದು ನಮಗೆ ಬರುತ್ತದೆ. 4ನೆಯ ಬಗೆ ಒಂದಿದ್ದರೆ ರೋಗದ ಸಂಭವ ಸುಮಾರು 3 ಪಟ್ಟು. ಎರಡೂ ಅದೇ ಆಗಿದ್ದರೆ ಇನ್ನೂ ಬಹಳ ಹೆಚ್ಚು. ಆದರೆ ಈ ಲೆಕ್ಕ ಬಹುಮಟ್ಟಿಗೆ ಐರೋಪ್ಯ ಮೂಲದವರದು. ಅದನ್ನು ಮರೆಮಾಡಿ ಅಂಕಿಯನ್ನಷ್ಟೇ ಹೇಳುವುದು ನಮಗೆ ಸರಿಕಾಣದು.

ಏಕೆಂದರೆ ಜಪಾನೀಯರಲ್ಲಿ ಇದೇ ಬಗೆಯ ಪ್ರಭಾವ ಇನ್ನೂ ಪ್ರಬಲ. ಆಫ್ರಿಕಾ ಮೂಲದವರಲ್ಲಿ ಕ್ಷೀಣ. ನೈಜೀರಿಯದ ಇಬಾದಾನಿನ ಯೊರುಬಾ ಜನರಲ್ಲಿ ಈ ಬಗೆ ವಿರಳವೇನಲ್ಲ. ಆದರೂ 2001ರಲ್ಲಿ ಪ್ರಕಟವಾದ ಅಧ್ಯಯನದಂತೆ, 65 ದಾಟಿದವರಲ್ಲಿ ವರ್ಷಕ್ಕೆ ಹೊಸದಾಗಿ ಈ ರೋಗಕ್ಕೆ ತುತ್ತಾದವರು ಅಲ್ಲಿ ನೂರಕ್ಕೆ 1.15, ಅಮೆರಿಕದ ಇಂಡಿಯಾನಾಪೊಲಿಸಿನ ಕರಿಯರಲ್ಲಿ 2.52. ಮೂಲ ಆಫ್ರಿಕವೇ ಆದರೂ ಬಾಳುವೆ ಬೇರೆ, ಫಲ ಬೇರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಊಟ, ಓದು ಇವೆಲ್ಲ ವಂಶವಾಹಿಯೊಡನೆ ಕೂಡಿಯೇ ಕೆಲಸ ಮಾಡುತ್ತವೆ.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಹರಿಯಾಣದ ಬಲ್ಲಭಗಡದ ಹಳ್ಳಿಗರಲ್ಲಿ 4ನೆಯ ಬಗೆ ಪೆನ್ಸಿಲ್ವೇನಿಯದವರಿಗಿಂತ ವಿರಳವೆಂದು ಕಂಡುಬಂದರೂ, ಅದು ಇದ್ದವರಲ್ಲಿ ರೋಗದೊಡನೆ ಅದರ ನಂಟು ಅಲ್ಲಿನಷ್ಟೇ ಇತ್ತು.

ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿದು, ನಡುವಯಸ್ಸಿನಲ್ಲಿಯೇ ಹಿಡಿಯುವ ಬೇರೊಂದು ವಿಧವೂ ಉಂಟು. ಕೊಲಂಬಿಯದ ಆಂಟಿಯೋಕ್ವಿಯದ ಕುಟುಂಬಗಳಲ್ಲಿ ಅದನ್ನು ಕಾಣಬಹುದು. ಜಗತ್ತಿನಲ್ಲಿ ಅದು ತೀರ ಅಪರೂಪ. ವೃದ್ಧಾಪ್ಯದಲ್ಲಿ ಮರೆವು ಬಂದ ಮನೆಯವರು ತಮ್ಮನ್ನು ಅಲ್ಲಿಗೆ ಹೋಲಿಸಿಕೊಂಡು ನಿದ್ದೆಗೆಡಬೇಕಾಗಿಲ್ಲ. 4ನೆಯ ಬಗೆಯಿದ್ದೂ ಕೊನೆಯವರೆಗೆ ನೆನಪು ಕೆಡದವರಿದ್ದಾರೆ. ಇಲ್ಲದೆಯೂ ರೋಗಕ್ಕೆ ಒಳಗಾದವರಿದ್ದಾರೆ.

ನಮ್ಮ ಹಳ್ಳಿಗರ ಲೆಕ್ಕವನ್ನು ನಮ್ಮ ಹಳ್ಳಿಗಳಲ್ಲಿಯೇ ಹುಡುಕುವ ಕಾರ್ಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು 45 ವರ್ಷ ದಾಟಿದ 10,000 ಗ್ರಾಮಸ್ಥರ ನೆನಪು, ರಕ್ತ ಮತ್ತು ವಂಶವಾಹಿಗಳನ್ನು ವರ್ಷಾನುವರ್ಷ ಪರಿಶೀಲಿಸುವ ಗುರಿಯಿಂದ 2018ರಲ್ಲಿ ಅದನ್ನು ಆರಂಭಿಸಿದರು.