ಪಾದ ಪರೀಕ್ಷೆ ಬೇಡವೆನ್ನುವವರಿಗೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಕ್ಕರೆ ಕಾಯಿಲೆಯವರ ಪಾದಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಲೇಬೇಕು ಎಂಬುದು ನನ್ನ ವಾದ. ಕೈಕಾಲಿನ ನರಗಳು ಹಾಳಾಗುವುದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ತಿಳಿಯುವಷ್ಟರಲ್ಲಿ ಬೆರಳು ತೆಗೆಯುವ ಮಾತು ಬಂದಿರುತ್ತದೆ. ಇದಕ್ಕೆ ಎದುರಾಗಿ ಕೇಳಿಬರುವ ಮಾತುಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

“ವಯಸ್ಸಾತು, ಕಾಲು ಜೋಮು ಹಿಡೀತಾವ. ಅದಕ್ಯಾಕ ದವಾಖಾನಿ?”

ವಯಸ್ಸಾದಂತೆ ಬೆರಳ ತುದಿಯ ಸ್ಪರ್ಶ ಕೊಂಚ ಮಂಕಾಗುವುದು ನಿಜ. ಆದರೆ ಎರಡೂ ಪಾದಗಳ ಬೆರಳಿನಿಂದ ಶುರುವಾಗಿ ಮೇಲೇರುವ ಜೋಮು, ರಾತ್ರಿ ಹೆಚ್ಚುವ ಉರಿ ರೋಗದ ಲಕ್ಷಣಗಳು. ಸಕ್ಕರೆ ಕಾಯಿಲೆ, ಬಿ12 ಕೊರತೆ, ಕುಡಿತ, ಥೈರಾಯ್ಡ್ ತೊಂದರೆ, ಕೆಲವು ಔಷಧಗಳು, ಹೀಗೆ ಕಾರಣಗಳು ಹಲವು. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ, ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಜೋಮು ಹಿಡಿದ ಕಾಲಲ್ಲಿ ಮುಳ್ಳು ಮುರಿದದ್ದೇ ಗೊತ್ತಾಗುವುದಿಲ್ಲ. ನೋವಿಲ್ಲದ ಗಾಯಕ್ಕೆ ಯಾರೂ ಆರೈಕೆ ಮಾಡುವುದಿಲ್ಲ. ಅದು ಕೀವಾಗಿ ಎಲುಬಿಗೆ ಇಳಿಯುತ್ತದೆ.

“ಒಂದು ಬಿ12 ಇಂಜೆಕ್ಷನ್ ಮಾಡಿಸಿದ್ರ ಸಾಕು.”

ಬಿ12 ಕಡಿಮೆಯಾದವರಿಗೆ ಅದು ನಿಜವಾದ ಮದ್ದೇ. ಸಸ್ಯಾಹಾರಿಗಳಲ್ಲಿ, ಬಹಳ ವರ್ಷ ಮೆಟ್‌ಫಾರ್ಮಿನ್ ಗುಳಿಗೆ ತಗೊಂಡವರಲ್ಲಿ ಈ ಕೊರತೆ ಹೆಚ್ಚು. ಆದರೆ ಏರಿದ ಸಕ್ಕರೆ ಇಂಜೆಕ್ಷನ್‌ನಿಂದ ಇಳಿಯದು. ಮೇಲಾಗಿ ನರಕ್ಕೆ ಶಕ್ತಿ ಎಂದು ಬಿ6 ಗುಳಿಗೆಯನ್ನು ಅತಿಯಾಗಿ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ. ಕಾರಣ ಮೊದಲು ತಿಳಿಯಬೇಕು, ಔಷಧ ಆಮೇಲೆ.

“ಕುಷ್ಠ ಈಗ ಎಲ್ಲದ? ಸರಕಾರನೇ ಹೋತು ಅಂದದ.”

ಸ್ಪರ್ಶ ಹೋಗಲು ಕುಷ್ಠವೂ ಕಾರಣವಿರಬಹುದು ಎಂದಾಗ ಬರುವ ಮಾತಿದು. 2005ರ ಡಿಸೆಂಬರ್‌ನಲ್ಲಿ ಭಾರತ ತಲುಪಿದ್ದು 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು. ರೋಗ ಇಲ್ಲವಾಯಿತು ಎಂದಲ್ಲ. ಇಂದಿಗೂ ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಕುಷ್ಠ ಮೂಲತಃ ಚರ್ಮಕ್ಕೂ ನರಕ್ಕೂ ಹತ್ತುವ ರೋಗ: ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆ, ಮೊಣಕೈ ಹಿಂದೆ ದಪ್ಪಗಾದ ನರ, ಮಡಚಿಕೊಳ್ಳುವ ಕಿರುಬೆರಳು. ಸರಕಾರಿ ದವಾಖಾನೆಯಲ್ಲಿ ಉಚಿತವಾಗಿ ಸಿಗುವ ಗುಳಿಗೆಗಳನ್ನು 6 ಅಥವಾ 12 ತಿಂಗಳು ನುಂಗಿದರೆ ವಾಸಿಯಾಗುತ್ತದೆ. ತಡವಾದರೆ ರೋಗ ಹೋಗುತ್ತದೆ, ಊನ ಉಳಿಯುತ್ತದೆ.

“ನರ ಸತ್ತರ ಸತ್ತಂಗ. ತಿಳ್ಕೊಂಡು ಏನ್ ಮಾಡೂದದ?”

ಕೈಕಾಲಿನ ನರಕ್ಕೆ ಮತ್ತೆ ಬೆಳೆಯುವ ಗುಣವಿದೆ. ಪೆಟ್ಟು ತಿಂದ ನರದ ಎಳೆ ಅನುಕೂಲವಾದಾಗ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟು ಚಿಗುರಬಲ್ಲದು. ಸಕ್ಕರೆ ಕಾಯಿಲೆಯಿಂದ ಕೆಟ್ಟದ್ದು ಪೂರ್ತಿ ಮರಳುವುದು ಕಷ್ಟ. ಆದರೂ ಸಕ್ಕರೆ ಹತೋಟಿಯಲ್ಲಿದ್ದರೆ ಹಾನಿ ನಿಧಾನವಾಗುತ್ತದೆ, ಉರಿಗೆ ವೈದ್ಯರ ಬಳಿ ಗುಳಿಗೆಗಳಿವೆ. ಸ್ಪರ್ಶ ಬಾರದಿದ್ದರೂ ಪಾದವನ್ನು ಉಳಿಸಿಕೊಳ್ಳಬಹುದು: ಮೆತ್ತನೆಯ ಚಪ್ಪಲಿ, ದಿನಾ ರಾತ್ರಿ ಅಂಗಾಲು ನೋಡಿಕೊಳ್ಳುವುದು, ಬಿಸಿನೀರಿನ ಹದವನ್ನು ಕಾಲಿನಿಂದಲ್ಲ, ಮನೆಯ ಇನ್ನೊಬ್ಬರ ಕೈಯಿಂದ ನೋಡಿಸುವುದು.

“ನರರೋಗ ತಜ್ಞರಿಲ್ಲದ ತಾಲ್ಲೂಕಿನಾಗ ಇದು ಆಗೂದಲ್ಲ.”

ಈ ಪರೀಕ್ಷೆಗೆ ತಜ್ಞರೇ ಬೇಕಿಲ್ಲ. ರೋಗಿ ಕಣ್ಣು ಮುಚ್ಚುತ್ತಾರೆ. ನರ್ಸ್ ಅಕ್ಕ ಒಂದು ನೈಲಾನ್ ಎಳೆಯನ್ನು ಹೆಬ್ಬೆರಳಿನ ಬುಡಕ್ಕೆ ಒತ್ತುತ್ತಾರೆ. 10 ಗ್ರಾಂ ಭಾರ ಬಿದ್ದೊಡನೆ ಅದು ಬಾಗುತ್ತದೆ. “ಮುಟ್ಟಿದ್ದು ಗೊತ್ತಾತೇನ್ರಿ?” ಎಂದರೆ ಉತ್ತರ ಬರಬೇಕು. ಬರದಿದ್ದರೆ ಆ ಪಾದ ಅಪಾಯದಲ್ಲಿದೆ. ಬಿಪಿ, ಶುಗರ್ ನೋಡಿಸಲು ಬಂದವರಿಗೆ ಇದಕ್ಕೆ ಇನ್ನೈದು ನಿಮಿಷ ಸಾಕು. ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಗೆ (ಹಿಂದಿನ ಕಿಮ್ಸ್) ತಡಮಾಡದೆ ಓಡಬೇಕಾದವರು ಬೇರೆ: ಕೆಲವೇ ದಿನಗಳಲ್ಲಿ ಎರಡೂ ಕಾಲು ಸೋತು, ಸೋಲು ಮೇಲೇರುತ್ತಿದ್ದರೆ ಅದು ಗಿಲನ್ ಬಾರೆ ಎಂಬ ನರರೋಗ ಇರಬಹುದು, ಉಸಿರಿಗೇ ಕುತ್ತು.

ಎಳೆ ಅಗ್ಗ, ವಿಧಾನ ಸರಳ, ಮಾಡುವ ಕೈಗಳೂ ನಮ್ಮಲ್ಲೇ ಇವೆ. ಇಲ್ಲದಿರುವುದು ಕಡ್ಡಾಯದ ಆದೇಶ. ಜಿಲ್ಲಾ ಆರೋಗ್ಯ ಇಲಾಖೆ ಅದನ್ನು ಹೊರಡಿಸಲಿ. ಅಲ್ಲಿಯವರೆಗೆ ಸಕ್ಕರೆ ಕಾಯಿಲೆಯ ಪ್ರತಿಯೊಬ್ಬರೂ ಮುಂದಿನ ಸಲ ಗುಳಿಗೆಗೆ ಹೋದಾಗ ಚಪ್ಪಲಿ ಬಿಚ್ಚಿ “ನನ್ನ ಪಾದ ನೋಡ್ರಿ” ಎಂದು ಕೇಳಲಿ.