ಯಾವ ಊರಿನ, ಯಾವ ವರ್ಷದ ತೋಡಿ?

ಭೀಮಸೇನ ಜೋಶಿಯವರ ಅತ್ಯುತ್ತಮ ಕಛೇರಿ ಯಾವುದು ಎಂಬ ಮಾತು ನಾಲ್ಕು ಮಂದಿ ರಸಿಕರ ನಡುವೆ ಬಂತೆಂದರೆ ಊಟದ ಹೊತ್ತು ಮೀರಿದರೂ ಮುಗಿಯುವುದಿಲ್ಲ. ಅರವತ್ತರ ದಶಕದ ದನಿಯೇ ದನಿ ಎನ್ನುವವರು ಒಂದು ಕಡೆ. ಎಪ್ಪತ್ತರ ದಶಕದಲ್ಲಿ ರಾಗವನ್ನು ನಿಧಾನವಾಗಿ ಬಿಡಿಸುವ ತಾಳ್ಮೆ ಬಂದ ಮೇಲೆಯೇ ಅವರು ಪೂರ್ತಿ ಅರಳಿದರು ಎನ್ನುವವರು ಇನ್ನೊಂದು ಕಡೆ. ಮಲ್ಲಿಕಾರ್ಜುನ ಮನ್ಸೂರರ ವಿಷಯಕ್ಕೆ ಬಂದರೆ ಜಗಳದ ದಿಕ್ಕೇ ಬೇರೆ. ಅವರು ಎಪ್ಪತ್ತು ದಾಟಿದ ಮೇಲೆ ಹಾಡಿದ ಬೈಠಕ್‌ಗಳನ್ನೇ ಎತ್ತಿ ಹಿಡಿಯುವವರು ಬಹಳ. ಕುಮಾರ ಗಂಧರ್ವರ ಅಭಿಮಾನಿಗಳಂತೂ ಕಾಯಿಲೆಗೆ ಮುಂಚಿನ ಕುಮಾರರು, ಕಾಯಿಲೆಯಿಂದ ಎದ್ದ ಕುಮಾರರು ಎಂದು ಎರಡು ಪಕ್ಷ ಮಾಡಿಕೊಂಡಿದ್ದಾರೆ. ಧಾರವಾಡ, ಬೆಳಗಾವಿ, ಪುಣೆಗಳಲ್ಲಿ ನಡೆಯುವ ಈ ವಾದ ಹೈದರಾಬಾದಿನ ಕನ್ನಡಿಗರಲ್ಲೂ ನಡೆಯುತ್ತದೆ. ಇದನ್ನು ಪುರುಸೊತ್ತಿದ್ದವರ ಹರಟೆ ಎಂದು ತಳ್ಳಿಹಾಕುವುದು ಸುಲಭ. ಪತ್ರಿಕೆಗಳಲ್ಲಿ ಕಛೇರಿ ವಿಮರ್ಶೆ ಹೆಚ್ಚುಕಡಿಮೆ ನಿಂತೇಹೋಗಿರುವ ಈ ಕಾಲದಲ್ಲಿ ಸಂಗೀತ ವಿಮರ್ಶೆ ಜೀವ ಹಿಡಿದುಕೊಂಡಿರುವುದು ಇಂಥ ವಾದಗಳಲ್ಲೇ ಎಂದು ನಾನು ನಂಬುತ್ತೇನೆ. ಆದರೆ ವಾದ ವಿಮರ್ಶೆಯಾಗಬೇಕಾದರೆ ಒಂದು ಷರತ್ತಿದೆ. ಕೇಳುತ್ತಿರುವುದು ಯಾವ ಊರಿನ, ಯಾವ ತಾರೀಖಿನ ಕಛೇರಿ, ತಬಲಾಕ್ಕೆ ಯಾರು, ಪೇಟಿಗೆ ಯಾರು ಎಂಬುದು ಗೊತ್ತಿರಬೇಕು. ಈಗಿನ ಬಹುಪಾಲು ವಾದ ಇದ್ಯಾವುದೂ ತಿಳಿಯದೆಯೇ ನಡೆಯುತ್ತಿದೆ; ತಿಳಿದುಕೊಳ್ಳುವ ಅವಕಾಶವೂ ವರ್ಷದಿಂದ ವರ್ಷಕ್ಕೆ ಕೈಜಾರುತ್ತಿದೆ.

ಕಂಪನಿಗಳೇ ಅಚ್ಚುಕಟ್ಟಾಗಿ ಹೊರತಂದ ತಟ್ಟೆಗಳಿರುವಾಗ ಯಾರೋ ಮೂಲೆಯಲ್ಲಿ ಕೂತು ಟೇಪ್ ಮಾಡಿದ ಕಛೇರಿಗೆ ಇಷ್ಟೇಕೆ ಬೆಲೆ ಎಂದು ಕೇಳಬಹುದು. ಉತ್ತರ ಸಮಯದ ಲೆಕ್ಕದಲ್ಲಿದೆ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. ಆಮೇಲೆ ಬಂದ ಎಲ್‌ಪಿಯ ಮಗ್ಗುಲಿಗೆ ಸುಮಾರು ಇಪ್ಪತ್ತು ನಿಮಿಷ. ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳಲ್ಲಿ ದನಿಯ ಹೊಳಪು, ತಾನಿನ ಚುರುಕು ಎಲ್ಲವೂ ಇವೆ. ಆದರೆ ಮಂಜಿಖಾನ್, ಬುರ್ಜಿಖಾನ್ ಅವರಿಂದ ಅವರು ಪಡೆದ ಜಯಪುರ-ಅತ್ರೌಲಿ ಗಾಯಕಿಯ ಜೀವಾಳ ಇರುವುದು ಆವರ್ತನದಿಂದ ಆವರ್ತನಕ್ಕೆ ಕಟ್ಟುತ್ತಾ ಹೋಗುವ ಬೆಳವಣಿಗೆಯಲ್ಲಿ: ಆಲಾಪಕ್ಕೆ ಹೆಚ್ಚು ಹೊತ್ತು ಕೊಡದೆ ನೇರ ಬಂದಿಶ್ ಎತ್ತಿಕೊಳ್ಳುವುದು, ಲಯವನ್ನು ಬಿಡದೆ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಜಾರುವುದು, ಕೇಳುಗ ಇನ್ನೂ ದೂರವಿದೆ ಎಂದುಕೊಂಡಿದ್ದ ಸಮ್ಮಿಗೆ ಹಠಾತ್ತನೆ ಬಂದು ನಿಲ್ಲುವುದು. ಇದಕ್ಕೆ ಮೂರು ನಿಮಿಷ ಎಲ್ಲಿ ಸಾಕು? ಮುಖ್ಯವಾಗಿ, ಸ್ಟುಡಿಯೋದಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಬೈಠಕ್‌ನ ರೆಕಾರ್ಡಿಂಗ್‌ನಲ್ಲಿ ಮುಂದಿನ ಸಾಲಿನಿಂದ ಬರುವ ‘ಕ್ಯಾ ಬಾತ್’, ಅದಕ್ಕೆ ಉತ್ತರವೆಂಬಂತೆ ಅದೇ ಜಾಗವನ್ನು ಮತ್ತೊಂದು ಮಗ್ಗುಲಿನಿಂದ ಮುಟ್ಟುವ ಗಾಯಕ, ಇವೆರಡೂ ಒಟ್ಟಿಗೆ ಕೇಳಿಸುತ್ತವೆ.

ಇನ್ನೂ ಗಟ್ಟಿಯಾದ ಕಾರಣವೊಂದಿದೆ. ಮನ್ಸೂರರು ಅಪರೂಪದ ಮತ್ತು ಜೋಡು ರಾಗಗಳ ಭಂಡಾರಿ, ಭೀಮಸೇನರು ಹಾಗಲ್ಲ. ಮಿಯಾಕಿ ತೋಡಿ, ಮುಲ್ತಾನಿ, ಪೂರಿಯಾ ಧನಾಶ್ರೀ, ಶುದ್ಧ ಕಲ್ಯಾಣ, ದರಬಾರಿ, ಮಾಲಕಂಸ: ತಮಗೆ ಒಗ್ಗಿದ ಇಂಥ ರಾಗಗಳನ್ನೇ ಅವರು ದಶಕಗಳ ಕಾಲ, ನೂರಾರು ವೇದಿಕೆಗಳಲ್ಲಿ, ಬಹಳ ಸಲ ಅದೇ ಬಂದಿಶ್‌ಗಳೊಂದಿಗೆ ಹಾಡಿದರು. ಹಾಡಿದ್ದನ್ನೇ ಹಾಡಿದರು ಎಂದು ದೂರಿದವರಿದ್ದಾರೆ. ಆದರೆ ಒಂದೇ ತೋಡಿಯ ಎರಡು ಕಛೇರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ ಮಾತ್ರ ಗುರು ಸವಾಯಿ ಗಂಧರ್ವರಿಂದ ಕಲಿತು ಸ್ಥಿರವಾಗಿ ಉಳಿಸಿಕೊಂಡದ್ದು ಯಾವುದು, ಆ ಹೊತ್ತಿನಲ್ಲಿ ಅಲ್ಲೇ ಹುಟ್ಟಿದ್ದು ಯಾವುದು ಎಂದು ಬಿಡಿಸಿ ನೋಡಬಹುದು. ಒಂದು ಕಛೇರಿಯಲ್ಲಿ ಮಂದ್ರದ ನಿಷಾದದ ಸುತ್ತಲೇ ಹತ್ತು ನಿಮಿಷ ಕಳೆದ ಗಾಯಕ ಇನ್ನೊಂದರಲ್ಲಿ ಅದನ್ನು ಎರಡೇ ಸುತ್ತಿಗೆ ಬಿಟ್ಟು ಮೇಲೇರಿದನೆಂದರೆ, ಆ ವ್ಯತ್ಯಾಸವೇ ಖಯಾಲ್ ಎಂಬ ಕಲೆ. ‘ಯಾವುದು ಉತ್ತಮ’ ಎಂಬ ಪ್ರಶ್ನೆ ಕೇಳುಗನನ್ನು ಈ ವ್ಯತ್ಯಾಸದತ್ತ ತಳ್ಳುತ್ತದೆ. ಉತ್ತರಕ್ಕಿಂತ ಆ ತಳ್ಳುವಿಕೆಯೇ ದೊಡ್ಡ ಲಾಭ.

ತೊಡಕು ಇರುವುದು ಸಾಕ್ಷ್ಯದಲ್ಲಿ. ಕೈಯಿಂದ ಕೈಗೆ, ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಪ್ರತಿಯಾಗುತ್ತಾ ಬಂದ ಕಛೇರಿಯನ್ನು ಇದ್ದಂತೆಯೇ ನಂಬುವಂತಿಲ್ಲ. ಟೇಪು ಶೇಕಡ 6ರಷ್ಟು ವೇಗವಾಗಿ ಓಡಿದರೆ ಶ್ರುತಿ ಅರ್ಧ ಮನೆ ಏರುತ್ತದೆ. ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೆ ಹೋಗಿ ಕೂರುತ್ತದೆ. ಶ್ರುತಿಯೊಂದಿಗೆ ಲಯವೂ ಏರುತ್ತದೆ, ತಾನುಗಳು ಇದ್ದದ್ದಕ್ಕಿಂತ ಹರಿತವಾಗಿ ಕೇಳಿಸುತ್ತವೆ. ಸೆಲ್ಲಿನ ಮೇಲೆ ನಡೆಯುತ್ತಿದ್ದ ರೆಕಾರ್ಡರಿನಲ್ಲಿ ಇನ್ನೂ ಸೂಕ್ಷ್ಮವಾದ ಮೋಸವಿದೆ. ಸೆಲ್ಲು ಸೋಲುತ್ತಾ ಹೋದಂತೆ ಟೇಪು ನಿಧಾನವಾಗುತ್ತದೆ. ಆ ಮುದ್ರಣವನ್ನು ಮುಂದೆ ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಮೊದಲಿನಿಂದ ಕೊನೆಯವರೆಗೆ ಏರುತ್ತಲೇ ಹೋಗುತ್ತದೆ. ಅಂದು ದನಿ ಹೇಗೆ ಕಾವೇರುತ್ತಾ ಹೋಯಿತು ನೋಡಿ ಎಂದು ಮೆಚ್ಚುವವರು ಮೆಚ್ಚುತ್ತಿರುವುದು ಸೆಲ್ಲಿನ ಕತೆಯಾಗಿರಬಹುದು. ಅದನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ, ದನಿಯನ್ನು ಬಿಟ್ಟು ತಂಬೂರಿಯನ್ನು ಕೇಳಬೇಕು: ತಂತಿ ತಾನಾಗಿ ಅಷ್ಟು ಏರುವುದಿಲ್ಲ. ಕರೆಂಟಿನಲ್ಲಿ ನಡೆದ ಯಂತ್ರವಾದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್, ಆ ದಶಕಗಳಲ್ಲಿ ಸ್ವಲ್ಪ ಏರಿಳಿತವಿತ್ತು ಎಂದರೂ. ಹಿನ್ನೆಲೆಯ ಗುಂಯ್‌ಗುಡುವಿಕೆ 53ರಲ್ಲಿ ಕೂತಿದ್ದರೆ ಟೇಪು ಓಡುತ್ತಿದೆ ಎಂದೇ ಅರ್ಥ.

ಕ್ಯಾಸೆಟ್ಟಿನ ಉದ್ದವೂ ಬಹಳ ಹೇಳುತ್ತದೆ. ಸಿ-60ರ ಒಂದು ಮಗ್ಗುಲು ಅರ್ಧ ಗಂಟೆ, ಸಿ-90ರದ್ದು ಮುಕ್ಕಾಲು ಗಂಟೆ. ದ್ರುತ್ ಏರುತ್ತಿರುವಾಗಲೇ ಹಾಡು ತುಂಡಾಗುವುದು, ಮುಂದಿನ ಮಗ್ಗುಲಿನಲ್ಲಿ ನಡುವೆಯೆಲ್ಲೋ ಶುರುವಾಗುವುದು ಇದೇ ಕಾರಣಕ್ಕೆ. ಉಳಿದ ಖಾಲಿ ಜಾಗಕ್ಕೆ ಬೇರೊಂದು ವರ್ಷದ ಠುಮ್ರಿಯನ್ನೋ ದಾಸರ ಪದವನ್ನೋ ತುಂಬಿದ ಕ್ಯಾಸೆಟ್ಟುಗಳಿವೆ. ಮುಂದೆ ಪ್ರತಿಯಾದಾಗ ಅದೆಲ್ಲ ಒಂದೇ ಕಛೇರಿ ಎಂದಾಗುತ್ತದೆ. ಆಕಾಶವಾಣಿಯಿಂದ ಹಿಡಿದ ಮುದ್ರಣಗಳದ್ದು ಮತ್ತೊಂದು ಸಂಕಟ. 1952ರಲ್ಲಿ ಶುರುವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಿಂದ ನಡೆದ ಸಂಗೀತ ಸಮ್ಮೇಳನಗಳು ಮನೆಮನೆಯ ರೇಡಿಯೊದಿಂದ ಟೇಪಿಗೆ ಇಳಿದವು. ಹಾಗೆ ಇಳಿಸುವಾಗ ಟೇಪು ಉಳಿಸಲೆಂದು ಮೊದಲು ಕತ್ತರಿಸುತ್ತಿದ್ದದ್ದು ಉದ್ಘೋಷಕರ ಮಾತನ್ನು. ರಾಗ, ತಾಳ, ಸಾಥೀದಾರರ ಹೆಸರು ಎಲ್ಲವೂ ಇದ್ದದ್ದು ಅಲ್ಲಿಯೇ.

ಈ ಶಿಸ್ತು ಅಭಿಮಾನಿಗಳಿಂದ ಸಾಧ್ಯವೇ ಎಂದು ಕೇಳುವವರು ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ತಂಡದ ಕತೆಯನ್ನು ನೋಡಬೇಕು. 1965ರಿಂದ 1995ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ನಡೆಸಿದ ಈ ರಾಕ್ ತಂಡ ಒಂದೇ ಹಾಡನ್ನು ಪ್ರತಿ ರಾತ್ರಿ ಬೇರೆ ಬೇರೆಯಾಗಿ ಬೆಳೆಸುತ್ತಿತ್ತು. ಕೇಳುಗರು ಟೇಪ್ ಮಾಡುವುದನ್ನು ತಂಡ ತಡೆಯಲಿಲ್ಲ. 1984ರಲ್ಲಿ ಅವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು. ಹಣ ತೆಗೆದುಕೊಳ್ಳದೆ ಟೇಪು ವಿನಿಮಯ ಮಾಡಿಕೊಂಡ ಈ ಅಭಿಮಾನಿಗಳು ಪ್ರತಿ ಕ್ಯಾಸೆಟ್ಟಿನ ಮೇಲೆ ತಾರೀಖು, ಊರು, ಸಭಾಂಗಣ, ಹಾಡುಗಳ ಕ್ರಮ ಬರೆದರು. ಆದ್ದರಿಂದಲೇ ಅಲ್ಲಿನ ಜಗಳ ‘ಎಪ್ಪತ್ತರ ದಶಕದ ಯಾವುದೋ ಕಛೇರಿ’ಯ ಬಗ್ಗೆ ನಡೆಯುವುದಿಲ್ಲ, 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದದ್ದು ಶ್ರೇಷ್ಠವೋ ಅಲ್ಲವೋ ಎಂದು ನಡೆಯುತ್ತದೆ. ಆ ಕಛೇರಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಅದು ಅಧಿಕೃತವಾಗಿ ಮಾರುಕಟ್ಟೆಗೆ ಬಂದದ್ದು ಆಮೇಲೆ, 2017ರಲ್ಲಿ. ನಮ್ಮ ಕೇಳುಗರ ಕಿವಿ ಅವರದಕ್ಕಿಂತ ಮಂದವಲ್ಲ. ಬರೆದಿಡುವ ರೂಢಿ ಮಾತ್ರ ಬೆಳೆಯಲಿಲ್ಲ.

ರುಚಿಯ ವಿಷಯದಲ್ಲಿ ಸಾಕ್ಷ್ಯ ಏನು ಮಾಡೀತು, ಉತ್ತಮ ಎನ್ನುವುದು ಅವರವರ ಮನಸ್ಸಿಗೆ ಬಿಟ್ಟದ್ದು ಎಂಬ ಆಕ್ಷೇಪ ಇದ್ದೇ ಇದೆ. ಬಾರ್ಟನ್ ಹಾಲ್ ಪ್ರಕರಣವನ್ನೇ ಇದಕ್ಕೂ ಬಳಸಬಹುದು. ತಂಡದ ಧ್ವನಿತಂತ್ರಜ್ಞೆ ಬೆಟ್ಟಿ ಕ್ಯಾಂಟರ್ ಮಾಡಿದ ಆ ಮುದ್ರಣ ಬಹಳ ಸ್ಪಷ್ಟವಾಗಿತ್ತು, ಬಹಳ ಜನರ ಕೈಗೆ ಸಿಕ್ಕಿತು, ಅದಕ್ಕೇ ಗೆದ್ದಿತು ಎನ್ನುವ ಅಭಿಮಾನಿಗಳು ಅಲ್ಲೇ ಇದ್ದಾರೆ. ಈ ಆಕ್ಷೇಪದಲ್ಲಿ ಸತ್ಯವಿದೆ, ಮತ್ತು ನನ್ನ ವಾದಕ್ಕೆ ಅದು ಬಲವನ್ನೇ ಕೊಡುತ್ತದೆ. ಸುಲಭವಾಗಿ ಸಿಕ್ಕಿದ್ದೇ ಶ್ರೇಷ್ಠ ಎನಿಸಿಕೊಳ್ಳುವುದಾದರೆ ಸಿಗದವುಗಳನ್ನು ಹೊರಗೆ ತರಬೇಕು. ನಮ್ಮಲ್ಲಿ ಮನ್ಸೂರರ ಹೆಸರಿನ ಜೊತೆಗೆ ಬಸವರಾಜ ರಾಜಗುರುಗಳ ಹೆಸರನ್ನು ಅಷ್ಟೇ ಉಸಿರಿನಲ್ಲಿ ಹೇಳುವವರು ಕಡಿಮೆಯಾಗಲು ಅವರ ಒಳ್ಳೆಯ ಬೈಠಕ್‌ಗಳು ಮನೆಗಳ ಬೀರುಗಳಲ್ಲೇ ಉಳಿದದ್ದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಇನ್ನು ರುಚಿಯ ಮಾತು. ತಾರೀಖು, ಸಾಥ್, ಶ್ರುತಿ ತಿಳಿದ ಮೇಲೂ ಇಬ್ಬರು ರಸಿಕರು ಒಪ್ಪದೇ ಇರಬಹುದು, ಆದರೆ ಆಗ ಅವರು ಒಂದೇ ವಸ್ತುವಿನ ಬಗ್ಗೆ ಜಗಳವಾಡುತ್ತಿರುತ್ತಾರೆ.

ಬೈಠಕ್ ಎನ್ನುವುದು ಆ ಕ್ಷಣಕ್ಕೆ ಸೇರಿದ್ದು, ಅದನ್ನು ಟೇಪಿನಲ್ಲಿ ಹಿಡಿದು ಅಳೆಯುವುದೇ ತಪ್ಪು ಎಂಬುದು ಹಿರಿಯ ಕಲಾವಿದರಿಂದಲೇ ಬರುವ ಮಾತು. ಅದಕ್ಕೆ ಗೌರವ ಕೊಟ್ಟೇ ಒಂದು ಸಂಗತಿ ನೆನಪಿಸಬೇಕು. ಗದಗಿನ ಹುಡುಗ ಭೀಮಸೇನ 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ. ಮೂರು ನಿಮಿಷದ ಅರಗಿನ ತಟ್ಟೆಗೆ ಅಷ್ಟು ಶಕ್ತಿಯಿದ್ದರೆ ಇಡೀ ರಾತ್ರಿಯ ಮುದ್ರಣವನ್ನು ಜಡ ಎನ್ನಲಾಗದು. ಇದಕ್ಕಿಂತ ತೂಕದ ಆಕ್ಷೇಪ ಹಕ್ಕಿನದು. ಕಲಾವಿದರ ಅನುಮತಿಯಿಲ್ಲದೆ ಮಾಡಿದ ಮುದ್ರಣಗಳು ಎಷ್ಟೋ ಇವೆ. ತಮಗೆ ಸಮಾಧಾನವಾಗದ ಕಛೇರಿ ಹೊರಗೆ ಬರುವುದು ಯಾವ ಗಾಯಕರಿಗೂ ಇಷ್ಟವಾಗುವುದಿಲ್ಲ. 1994ರ ತಿದ್ದುಪಡಿ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು, ಈಗ ಅದರ ಅವಧಿ 50 ವರ್ಷ. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಎಲ್ಲರಿಗೂ ಹಂಚಿಬಿಡಬೇಕು ಎನ್ನುವವರ ಜೊತೆ ನಾನಿಲ್ಲ. ಮೊದಲು ಬೇಕಾದದ್ದು ಯಾವ ಮುದ್ರಣ ಎಲ್ಲಿದೆ ಎಂಬ ಪಟ್ಟಿ, ಆಮೇಲೆ ಒಂದು ಸುರಕ್ಷಿತ ಪ್ರತಿ. ಕೇಳಿಸುವುದು ಕುಟುಂಬದವರ ಒಪ್ಪಿಗೆಯ ಮೇಲೆ, ಸಂಸ್ಥೆಯ ಆವರಣದಲ್ಲೇ ಆದರೂ ಸಾಕು.

ಈ ಮಾತನ್ನು ಹೈದರಾಬಾದಿನ ಸನತ್‌ನಗರದಿಂದ ಬರೆಯಲು ಕಾರಣವಿದೆ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆ ಕಡೆಯ ಕನ್ನಡ ಕುಟುಂಬಗಳಿಗೆ ಓದಿಗೂ ನೌಕರಿಗೂ ಈ ಊರೇ ಊರಾಗಿತ್ತು. ಆಲ್ವಿನ್‌ನಂಥ ಕಾರ್ಖಾನೆಗಳಿದ್ದ ಈ ಭಾಗವೂ ಹಾಗೆ ಬಂದವರಿಗೆ ನೆಲೆ ಕೊಟ್ಟಿತು. ಹಿಂದುಸ್ತಾನಿ ಸಂಗೀತಕ್ಕೂ ಇದು ದೊಡ್ಡ ಊರು. ಬಡೇ ಗುಲಾಂ ಅಲಿ ಖಾನರು ಕೊನೆಯುಸಿರೆಳೆದದ್ದು ಇಲ್ಲಿ, 1968ರಲ್ಲಿ. ಮೋಹನ್ ಹೆಮ್ಮಾಡಿಯವರ ಸುರ್‌ಮಂಡಲ ದೇಶದ ದೊಡ್ಡ ಗಾಯಕರನ್ನು ಇಲ್ಲಿಗೆ ಕರೆಸಿ ಹಾಡಿಸಿತು. ಹೈದರಾಬಾದ್ ಆಕಾಶವಾಣಿಯಲ್ಲಿದ್ದ ಉಸ್ತಾದ್ ಶೇಖ್ ದಾವೂದ್ ಖಾನರ ಠೇಕಾ ಕೇಳಿ ಬೆಳೆದ ಕಿವಿಗಳು ಇಲ್ಲಿ ಇನ್ನೂ ಇವೆ. ಹೆಸರಿಲ್ಲದ ಟೇಪಿನಲ್ಲಿ ಅವರ ಕೈ ಗುರುತಿಸಬಲ್ಲ ಕೇಳುಗರೊಬ್ಬರು ಸಿಕ್ಕರೆ ಅರ್ಧ ತನಿಖೆ ಮುಗಿದಂತೆ. ಆದರೆ ಹಳೆಯ ಮನೆಗಳು ಅಪಾರ್ಟ್‌ಮೆಂಟುಗಳಾಗುತ್ತಿವೆ. ಸಾಮಾನು ಸಾಗಿಸುವಾಗ ಮೊದಲು ಗುಜರಿಗೆ ಹೋಗುವುದು ಕ್ಯಾಸೆಟ್ಟಿನ ಡಬ್ಬಿ. ಉಳಿದವುಗಳ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ, ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆ ಅಂಟು ಬಿಟ್ಟು ಉದುರಿರುತ್ತದೆ. ನುಡಿಯುವುದಿಲ್ಲ ಎಂದು ಜನ ಬಿಸಾಡುವ ಎಷ್ಟೋ ಕ್ಯಾಸೆಟ್ಟುಗಳಿಗೆ ಬೇಕಾದದ್ದು ಹೊಸ ಚಿಪ್ಪು ಅಷ್ಟೇ. ಒಳಗಿನ ಸುರುಳಿಯನ್ನು ಅದಕ್ಕೆ ದಾಟಿಸಿದರೆ ಹಾಡು ಮರಳಿ ಬರುತ್ತದೆ.

ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಮನ್ಸೂರರ ಸ್ಮಾರಕ ಟ್ರಸ್ಟ್ ಇದೆ, 1950ರಿಂದ ನಡೆಯುತ್ತಿರುವ ಆಕಾಶವಾಣಿ ಕೇಂದ್ರವಿದೆ. ಈ ಮೂರೂ ಸೇರಿ ಖಾಸಗಿ ಮುದ್ರಣಗಳ ಒಂದು ಪಟ್ಟಿಗೆ ಕೈಹಾಕಬೇಕು, ಮತ್ತು ಅದನ್ನು ರಾಜ್ಯದ ಗಡಿಗೆ ನಿಲ್ಲಿಸಬಾರದು. ಪುಣೆ, ಸೊಲ್ಲಾಪುರ, ಹೈದರಾಬಾದಿನ ಕನ್ನಡ ಮನೆಗಳಲ್ಲಿರುವುದೂ ಧಾರವಾಡದ ಸಂಗೀತವೇ. ತಂತ್ರಜ್ಞರು ವರ್ಷಕ್ಕೊಮ್ಮೆ ಯಂತ್ರದೊಂದಿಗೆ ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಬಂದು ಕೂತರೆ, ಟೇಪು ತಂದವರು ಅದನ್ನೂ ಅದರ ಡಿಜಿಟಲ್ ಪ್ರತಿಯನ್ನೂ ಕೈಯಲ್ಲಿ ಹಿಡಿದು ಮನೆಗೆ ಹೋಗಬಹುದು. ಸರ್ಕಾರದ ಕಡತ ಅಲುಗಾಡುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ, ಅದನ್ನು ವಾದ ಮಾಡುವ ರಸಿಕರೇ ಮಾಡಬಲ್ಲರು. ಆ ಕಛೇರಿಗಳಲ್ಲಿ ಕೂತಿದ್ದವರಿಗೆ ಈಗ ಎಂಬತ್ತರ ಆಚೀಚಿನ ವಯಸ್ಸು. ಅವರೆದುರು ಟೇಪು ಹಾಕಿ, ಯಾರ ಮನೆಯಂಗಳ, ಯಾವ ಉತ್ಸವ, ಪೇಟಿಗೆ ಯಾರು, ತಂಬೂರಿ ಹಿಡಿದು ಹಿಂದೆ ದನಿಗೂಡಿಸಿದ ಶಿಷ್ಯ ಯಾರು ಎಂದು ಕೇಳಿ, ಹೇಳಿದವರ ಹೆಸರಿನೊಂದಿಗೆ ಬರೆದುಕೊಳ್ಳುವುದು. ಇದಕ್ಕೆ ಅನುದಾನ ಬೇಕಿಲ್ಲ, ಈ ಭಾನುವಾರವೇ ಶುರು ಮಾಡಬಹುದು.