ಕ್ಯಾಟೂ... ಗಾಣದೆತ್ತೂ...

ಕ್ಯಾಟ್ ಪರೀಕ್ಷೆಗೆ ಓದುವವರಿಗೆ ಒಂದು ಖಾಯಿಲೆ ಇದೆ. ಸ್ಕೋರು ನಿಂತುಹೋದ ಕೂಡಲೇ ಇನ್ನೊಂದು ಮಾಕ್ ಟೆಸ್ಟ್ ಬರೆಯೋದು. ಅದರಲ್ಲೂ ಅಷ್ಟೇ ಬಂದರೆ ಮತ್ತೊಂದು. 82, 84, 83, ಮತ್ತೆ 82... ಗಾಣದೆತ್ತು ದಿನವಿಡೀ ನಡೆಯುತ್ತೆ, ಸಂಜೆ ನೋಡಿದರೆ ಅಲ್ಲೇ ಇರುತ್ತೆ. ನನ್ನ ಅಭಿಪ್ರಾಯ ಇಷ್ಟೇ: ನಿಂತ ಸ್ಕೋರನ್ನು ಮೇಲೆತ್ತೋದು ಮುಂದಿನ ಮಾಕ್ ಅಲ್ಲ, ಹಿಂದೆ ಬರೆದಿಟ್ಟ ಮಾಕ್.

ಇಲ್ಲಿ ಅಶೋಕಪುರಂನಲ್ಲಿ ನಮ್ಮ ಮನೆ ಹತ್ತಿರದ ಇಬ್ಬರು ಮೂವರು ಹುಡುಗರು ಇದಕ್ಕೆ ಓದುತ್ತಿದ್ದಾರೆ. ಭಾನುವಾರ ನನಗೆ ಆಫೀಸಿಲ್ಲ, ಅವರ ಜೊತೆ ಕೂತು ಲೆಕ್ಕ ನೋಡುತ್ತೇನೆ. "ಅಣ್ಣ, ಇಪ್ಪತ್ತು ಮಾಕ್ ಆಯ್ತು, ಅಲ್ಲೇ ನಿಂತದೆ. ನಂಗೆ ತಲೆ ಇಲ್ವೇನೋ" ಅಂದ ಒಬ್ಬ. ಅವನ ಮನೆಯಲ್ಲಿ ಮೊದಲ ಡಿಗ್ರಿ ಅವನದೇ. ಈಗ ಕೆಲಸ ಬಿಟ್ಟು ಪೂರ್ತಿ ಓದಲಾ ಅಂತ ಯೋಚನೆ. ಕ್ಯಾಟ್ ಅಂಕ ಒಂದೇ ವರ್ಷದ ಪ್ರವೇಶಕ್ಕೆ ನಡೆಯೋದು. ತಪ್ಪಿದರೆ ಸಂಬಳವೂ ಇಲ್ಲ, ಸೀಟೂ ಇಲ್ಲ. ಹಾಗಾಗಿ "ಇನ್ನೂ ಹತ್ತು ಮಾಕ್ ಬರಿ, ಸರಿಹೋಗುತ್ತೆ" ಅಂತ ಸುಲಭಕ್ಕೆ ಹೇಳೋರನ್ನ ಕಂಡರೆ ನನಗೆ ಸಿಟ್ಟು.

ತಲೆಯ ಪ್ರಶ್ನೆ ಬಿಡಿ, ಮೊದಲು ಲೆಕ್ಕ ನೋಡೋಣ. 2024ರ ಕ್ಯಾಟ್‌ನಲ್ಲಿ 68 ಪ್ರಶ್ನೆ, 204 ಅಂಕ. ಸರಿ ಉತ್ತರಕ್ಕೆ 3, ಆಯ್ಕೆ ಕೊಟ್ಟಿರುವ ಪ್ರಶ್ನೆಯಲ್ಲಿ ತಪ್ಪಿದರೆ 1 ಕಡಿತ. ಗಣಿತದ ಭಾಗದಲ್ಲಿ 40 ನಿಮಿಷಕ್ಕೆ 22 ಪ್ರಶ್ನೆ, ಅಂದರೆ ಒಂದೊಂದಕ್ಕೆ ಎರಡು ನಿಮಿಷವೂ ಇಲ್ಲ. ಇಡೀ ಪತ್ರಿಕೆಯಲ್ಲಿ ಆಯ್ಕೆಯಿರುವ 16 ಪ್ರಶ್ನೆ ಮುಟ್ಟಿ 8 ಸರಿ, 8 ತಪ್ಪು ಮಾಡಿದವನಿಗೆ ಅವುಗಳಿಂದ ಸಿಗೋದು 16 ಅಂಕ. ಅದೇ ಹುಡುಗ 10 ಮಾತ್ರ ಮುಟ್ಟಿ 8 ಸರಿ ಮಾಡಿದರೆ 22. ಅವನ ಜ್ಞಾನ ಒಂದಿಷ್ಟೂ ಹೆಚ್ಚಿಲ್ಲ, ಅಂಕ ಆರು ಹೆಚ್ಚಾಯ್ತು! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು :-)

ಇನ್ನು ಪರ್ಸೆಂಟೈಲ್ ಅನ್ನೋ ಭೂತ. 2024ರಲ್ಲಿ ಸುಮಾರು 2.93 ಲಕ್ಷ ಜನ ಪರೀಕ್ಷೆ ಬರೆದರು. ಒಂದು ಪರ್ಸೆಂಟೈಲ್ ಅಂದರೆ ಹೆಚ್ಚುಕಮ್ಮಿ 2,900 ಜನ. ಎಂಬತ್ತರ ಆಸುಪಾಸಿನಲ್ಲಿ ಜನ ಒತ್ತೊತ್ತಾಗಿ ನಿಂತಿರುತ್ತಾರೆ, ಅಲ್ಲಿ ಎರಡು ಮೂರು ಪ್ರಶ್ನೆ ಜಾಸ್ತಿ ಸರಿಯಾದರೂ ಸಾವಿರಾರು ಜನರನ್ನು ದಾಟಿಬಿಡಬಹುದು. ಅಷ್ಟೇ ಅಲ್ಲ, ಮಾಕ್‌ನ ಪರ್ಸೆಂಟೈಲ್ ಆ ಮಾಕ್ ಬರೆದವರ ನಡುವಿನದು. ಅವರೂ ದಿನದಿನಕ್ಕೆ ಸುಧಾರಿಸುತ್ತಿರುತ್ತಾರಲ್ಲ! ನೀವು ಮುಂದೆ ಹೋಗಿದ್ದರೂ ನಿಂತಂತೆ ಕಾಣಬಹುದು. ಆದ್ದರಿಂದ ಎಷ್ಟು ಮುಟ್ಟಿದೆ, ಅದರಲ್ಲಿ ಎಷ್ಟು ಸರಿ ಅನ್ನೋದನ್ನ ಭಾಗವಾರು ಬರೆದಿಡಿ.

ನಾವು ಸಾಫ್ಟ್‌ವೇರಿನವರು ಲಾಗ್ ನೋಡದೆ ಅದೇ ಪ್ರೋಗ್ರಾಮನ್ನು ಇಪ್ಪತ್ತು ಸಲ ಓಡಿಸುತ್ತೀವಾ? ಓಡಿಸಿದರೂ ಇಪ್ಪತ್ತು ಸಲ ಅದೇ ಎರರ್ ಬರುತ್ತೆ. ಮಾಕ್‌ಗೂ ಲಾಗ್ ಇದೆ, ಓದೋರು ಕಮ್ಮಿ. ಹೀಗೆ ಮಾಡಿ: ಬರೆದ ಮಾರನೇ ದಿನ, ಉತ್ತರ ನೋಡುವ ಮೊದಲು, ತಪ್ಪಾದ ಮತ್ತು ಬಿಟ್ಟ ಪ್ರಶ್ನೆಗಳನ್ನು ಗಡಿಯಾರವಿಲ್ಲದೆ ಮತ್ತೆ ಮಾಡಿ. ಈಗಲೂ ಬರಲಿಲ್ಲ ಅಂದರೆ ಪಾಠವೇ ಗೊತ್ತಿಲ್ಲ, ಪುಸ್ತಕಕ್ಕೆ ಹೋಗಿ. ಸುಲಭವಾಗಿ ಬಂತಾ? ಅವಸರದ ತಪ್ಪು. ಬಂತು, ಆದರೆ ಏಳು ನಿಮಿಷ ಹಿಡಿಯಿತಾ? ಅದು ಪರೀಕ್ಷೆಯಲ್ಲಿ ಬಿಡಬೇಕಿದ್ದ ಪ್ರಶ್ನೆ. ಈ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬೇರೆಬೇರೆ ಬರೆಯಿರಿ. ನಾನು ಭಾನುವಾರ ನೋಡಿದ ನೋಟ್‌ಬುಕ್ಕುಗಳಲ್ಲಿ ಮೂರನೇ ಪಟ್ಟಿಯೇ ಉದ್ದ. ಬಿಡೋದನ್ನ ಯಾರೂ ನಮಗೆ ಕಲಿಸಿಲ್ಲ. ಎಸ್ಸೆಸ್ಸೆಲ್ಸಿಯಿಂದ ಇಂಜಿನಿಯರಿಂಗ್‌ವರೆಗೂ ಒಂದನ್ನೂ ಬಿಡದೆ ಬರೆದವನೇ ಜಾಣ.

ಇಂಜಿನಿಯರುಗಳಿಗೆ ಇನ್ನೊಂದು ಮಾತು. ಬರುವ ಗಣಿತವನ್ನೇ ತಿದ್ದಿ ತೀಡುತ್ತಾ ಕೂರಬೇಡಿ. ಐಐಎಂಗಳಲ್ಲಿ ಒಟ್ಟು ಅಂಕಕ್ಕಲ್ಲದೆ ಒಂದೊಂದು ಭಾಗಕ್ಕೂ ಕನಿಷ್ಠ ಕಟಾಫ್ ಇರುತ್ತೆ. ಗಣಿತದ 98 ಇಂಗ್ಲಿಷಿನ 60ನ್ನು ಕಾಪಾಡೋದಿಲ್ಲ. 2008ರವರೆಗೆ ಕಾಗದದ ಮೇಲೆ ಬರೆದ ಹಿರಿಯರು "ಬರೋ ಭಾಗ ಬೇಗ ಮುಗಿಸಿ ಉಳಿದ ಟೈಮು ಇಂಗ್ಲಿಷಿಗೆ ಕೊಡು" ಅನ್ನುತ್ತಾರೆ. ಅದು ಈಗ ನಡೆಯಲ್ಲ, 2020ರಿಂದ ಪ್ರತಿ ಭಾಗಕ್ಕೂ 40 ನಿಮಿಷದ ಬೀಗ. ಹಾಗೇ, ಕಟಾಫ್ ಕ್ಯಾಟೆಗರಿಗೆ ತಕ್ಕಂತೆ ಬೇರೆಬೇರೆ ಇರುತ್ತೆ. ನಿಮ್ಮ ಗುರಿಯ ಸಂಸ್ಥೆಯ ಪಟ್ಟಿ ತೆಗೆದು ನಿಮಗೆ ಬೇಕಾದ ಅಂಕಿಯನ್ನು ಗೋಡೆಗೆ ಅಂಟಿಸಿ. ಬೇರೆ ಯಾರದೋ 99 ನೋಡಿ ಎದೆ ಒಡೆದುಕೊಳ್ಳೋದು ಯಾಕೆ?

ಕೊನೆಯದು, ಕನ್ನಡದಲ್ಲಿ ಓದಿ ಬರೆಯುವ ನಮಗೆ ಸಂಬಂಧಿಸಿದ್ದು. ಇಂಗ್ಲಿಷ್ ಭಾಗದಲ್ಲಿ ಸ್ಕೋರು ನಿಂತರೆ "ಕನ್ನಡ ಓದೋದು ಬಿಡು" ಅನ್ನೋ ಉಪದೇಶ ಶುರುವಾಗುತ್ತೆ. ನಾನು ಒಪ್ಪೋದಿಲ್ಲ. 2024ರಲ್ಲಿ ಆ ಭಾಗದ 24 ಪ್ರಶ್ನೆಗಳಲ್ಲಿ 16 ಗದ್ಯ ಓದಿ ಉತ್ತರಿಸುವಂಥವು. ಲೇಖಕ ಏನು ವಾದಿಸುತ್ತಿದ್ದಾನೆ, ಯಾವುದನ್ನು ಒಪ್ಪಲಾರ, ಇದನ್ನೇ ತಿರುಗಿಸಿ ಕೇಳ್ತಾರೆ. ಕನ್ನಡದ ಒಳ್ಳೇ ಪ್ರಬಂಧಗಳನ್ನು ಗಮನವಿಟ್ಟು ಓದಿದವನಿಗೆ ಈ ಕಸುಬಿನಲ್ಲಿ ಅರ್ಧ ಬಂದಿರುತ್ತೆ. ಉಳಿದರ್ಧಕ್ಕೆ ದಿನಾ ಎರಡು ಇಂಗ್ಲಿಷ್ ಲೇಖನ ಓದಿ, ಒಂದೊಂದರ ಸಾರವನ್ನು ಎರಡೇ ವಾಕ್ಯದಲ್ಲಿ ಕನ್ನಡದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಕೆಲಸ ಬಿಡೋ ನಿರ್ಧಾರಕ್ಕೆ ಮೊದಲು ಮೂರು ವಾರಾಂತ್ಯ ಹಳೇ ಮಾಕ್‌ಗಳಿಗೆ ಕೊಡಿ. 'ಬಿಡಬೇಕಿತ್ತು' ಅನ್ನೋ ಪಟ್ಟಿಯೇ ಉದ್ದವಾಗಿದ್ದರೆ ಬಿಡಬೇಕಾದ್ದು ಪ್ರಶ್ನೆಗಳನ್ನು, ಕೆಲಸವನ್ನಲ್ಲ.

ನಿಮ್ಮಲ್ಲಿ ಕ್ಯಾಟ್ ಬರೆದವರಿದ್ದೀರಿ. ನೀವೇನಂತೀರಿ?